ಉಂಡವರಿಗಿಲ್ಲದ ಕಡಲು

ನನ್ನ ಮಗಳು ಕ್ಲೆಲಿಯಾಗೆ ಕಡಲಿಗೆ ಇಳಿಯಬೇಕಿತ್ತು. ಬೇರೇನೂ ಬೇಡ. ಐದು ವರ್ಷದ ಹುಡುಗಿ, ಸಮುದ್ರವನ್ನು ಟೀವಿಯಲ್ಲಿ ಬಿಟ್ಟರೆ ಎಲ್ಲೂ ಕಂಡವಳಲ್ಲ. ನಮ್ಮದು ತೊರಿನೊ, ಬೆಟ್ಟ ಹತ್ತಿರ, ಕಡಲು ದೂರ. ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕುವ ನನಗೆ ಶನಿವಾರ ಭಾನುವಾರ ಎರಡೂ ಒಟ್ಟಿಗೆ ರಜೆ ಸಿಗಬೇಕಾದರೆ ಯಜಮಾನನ ಮೂಡು ಚೆನ್ನಾಗಿರಬೇಕು. ಅದು ವರ್ಷಕ್ಕೊಮ್ಮೆ ಚೆನ್ನಾಗಿರುತ್ತದೆ. ಹಾಗೆ ಸಿಕ್ಕ ರಜೆಯಲ್ಲಿ ಅವಳನ್ನು ಕರೆದುಕೊಂಡು ಕಡಲ ದಂಡೆಯ ಜೆನೊವಾಕ್ಕೆ ಬಂದಿದ್ದೆ. ಶನಿವಾರವನ್ನು ಮಳೆ ನುಂಗಿತು. ಉಳಿದದ್ದು ಭಾನುವಾರ ಒಂದೇ, ಸಂಜೆಗೆ ವಾಪಸ್ ರೈಲು.

ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಶುರುಮಾಡಿದಳು.

"ಅಮ್ಮಾ, ಇವತ್ತು ನೀರಿಗೆ ಹೋಗೇ ಹೋಗ್ತೀವಿ ಅಲ್ವಾ?"

"ಹೋಗೇ ಹೋಗ್ತೀವಿ ಕಣೇ. ಆದ್ರೆ ಬಾಯಿಗೆ ಏನೂ ಹಾಕ್ಕೋಬೇಡ."

ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ಮಾತಿದು: ತಿಂದ ಮೇಲೆ ಮೂರು ಗಂಟೆ ನೀರಿಗೆ ಇಳಿಯಬಾರದು. ಇಳಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಆಮೇಲೆ ಮನುಷ್ಯ ಕಲ್ಲಿನ ಹಾಗೆ ಮುಳುಗುತ್ತಾನೆ. ಹಾಗೇನಿಲ್ಲ, ಅದು ಬರೀ ಹೆದರಿಕೆ ಎಂದು ಡಾಕ್ಟರುಗಳು ಟೀವಿಯಲ್ಲಿ ಹೇಳುತ್ತಲೇ ಇರುತ್ತಾರೆ. ಹೇಳಲಿ ಬಿಡಿ. ಆ ಡಾಕ್ಟರರನ್ನೂ ಅವರವರ ಅಮ್ಮಂದಿರು ಮೂರು ಗಂಟೆ ದಡದಲ್ಲಿ ಕೂರಿಸಿಯೇ ಬೆಳೆಸಿರುತ್ತಾರೆ. ನನ್ನ ಅಮ್ಮ ಪಿನುಚ್ಚಾ ಅಂತೂ ಈ ವಿಷಯದಲ್ಲಿ ಪೊಲೀಸಿನವಳು. ಚಿಕ್ಕಂದಿನಲ್ಲಿ ಕಡಲಿಗೆ ಹೋದಾಗಲೆಲ್ಲ ನಾನು ಟವೆಲ್ ಹೊದ್ದು ಕೂತು ಬೇರೆ ಮಕ್ಕಳ ಬೆನ್ನು ನೋಡಿದ್ದೇ ಬಂತು. ಆ ಮೂರು ಗಂಟೆ ಮುಗಿಯುವಷ್ಟರಲ್ಲಿ ಒಂದು ಪೀಚ್ ಹಣ್ಣು ಕೈಗೆ ಬರುತ್ತಿತ್ತು, ಮತ್ತೆ ಮೊದಲಿನಿಂದ ಕಾಯುವುದು. ಮೂವತ್ತಾರು ತುಂಬಿದರೂ ನನಗೆ ಈಜು ಬರುವುದಿಲ್ಲ. ನನ್ನ ಮಗಳ ಹಣೆಬರಹ ಹಾಗಾಗಬಾರದು. ಇವತ್ತು ಅವಳು ನೀರಿಗೆ ಇಳಿಯಲೇಬೇಕು, ಆದರೆ ಖಾಲಿ ಹೊಟ್ಟೆಯಲ್ಲಿ. ನಿಯಮ ಮುರಿಯುವ ಧೈರ್ಯ ಮಾತ್ರ ನನಗೂ ಇರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ನಾನು ಸ್ನಾನ ಮುಗಿಸಿ ಹೊರಗೆ ಬಂದರೆ ಏನು ನೋಡಲಿ! ರೂಮು ಬಾಡಿಗೆಗೆ ಕೊಟ್ಟಿದ್ದ ಮುದುಕಿ ಇಯೋಲೆಯ ಅಡಿಗೆಮನೆಯಲ್ಲಿ ನನ್ನ ಮಗಳು ರಾಣಿಯ ಹಾಗೆ ಕೂತು ಫೊಕಾಚ್ಚಾ ತಿನ್ನುತ್ತಿದ್ದಾಳೆ. ಉಪ್ಪು, ಎಣ್ಣೆ ಸುರಿದು ಬೇಯಿಸಿದ ಆ ದಪ್ಪ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ಅದ್ದಿ, ಥೇಟ್ ಜೆನೊವಾದವಳ ಹಾಗೆ.

"ಅಯ್ಯೋ, ಏನಮ್ಮ ಮಾಡ್ಬಿಟ್ರಿ! ಅವಳನ್ನ ನೀರಿಗೆ ಇಳಿಸ್ಬೇಕಿತ್ತು ನಾನು!"

"ಮಗು ಮುಖ ಬಾಡಿತ್ತಲ್ಲಮ್ಮ," ಎಂದಳು ಇಯೋಲೆ. ಆಮೇಲೆ ಗಡಿಯಾರ ನೋಡಿ, "ಇನ್ನು ಹನ್ನೊಂದರವರೆಗೆ ಬೇಡ. ಎಣ್ಣೆ ಜಾಸ್ತಿ ಇದೆ ಅದ್ರಲ್ಲಿ, ಹನ್ನೊಂದೂವರೆ ಅಂತಿಟ್ಕೋ," ಎಂದು ತೀರ್ಪು ಕೊಟ್ಟಳು.

ಹಾಳಾಗಲಿ, ಹನ್ನೊಂದೂವರೆ ಎಂದುಕೊಂಡೆ. ಅಲ್ಲಿಯವರೆಗೆ ಬಂದರಿನ ಹಿಂದಿನ ಓಣಿಗಳಲ್ಲಿ ಅವಳನ್ನು ಎಳೆದಾಡಿದೆ. ಒಂದು ಇಗರ್ಜಿ ತೋರಿಸಿದೆ, ಕಲ್ಲಿನ ಸಿಂಹ ತೋರಿಸಿದೆ. ಅವಳಿಗೆ ಸಿಂಹವೂ ಬೇಡ, ಸಂತನೂ ಬೇಡ. "ಈಗ ಹೊಟ್ಟೆ ಖಾಲಿ ಆಯ್ತಾ? ಈಗ?" ಎಂದು ಅಂಗಿ ಎತ್ತಿ ಹೊಟ್ಟೆ ತಟ್ಟಿಕೊಳ್ಳುತ್ತಿದ್ದಳು. ಮೂರನೆಯ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಏಳಲೇ ಇಲ್ಲ. ಎತ್ತಿಕೊಂಡು ಬಸ್ ಸ್ಟಾಪಿನವರೆಗೆ ನಡೆದೆ. ಐದು ವರ್ಷದ ಮಗು ಸೊಂಟಕ್ಕೆ ಎಷ್ಟು ಭಾರ ಎಂದು ಹೊತ್ತವರಿಗೇ ಗೊತ್ತು.

ಬೊಕ್ಕದಾಸೆಯ ದಡಕ್ಕೆ ಹೋಗುವ ಬಸ್ಸಿನಲ್ಲಿ ಎದುರು ಸೀಟಿನ ಮುದುಕ ಅವಳಿಗೆ ಕಣ್ಣು ಮಿಟುಕಿಸಿದ. ನಾನು ಬ್ಯಾಗಿನಲ್ಲಿ ಟಿಕೆಟ್ ಹುಡುಕಿ ತಲೆ ಎತ್ತುವಷ್ಟರಲ್ಲಿ ಅವಳ ಕೆನ್ನೆ ಒಂದು ಕಡೆ ಉಬ್ಬಿತ್ತು.

"ಏನದು ಬಾಯಲ್ಲಿ?"

"ಮಿಠಾಯಿ. ತಾತ ಕೊಟ್ರು."

"ಉಗಿ."

"ನುಂಗ್ಬಿಟ್ಟೆ," ಎಂದು ನುಂಗಿದಳು.

ಜೆನೊವಾದವರು ಜಿಪುಣರು ಎಂದು ದೇಶಕ್ಕೆ ದೇಶವೇ ಆಡಿಕೊಳ್ಳುತ್ತದೆ. ನನಗೆ ಜಿಪುಣರು ಬೇಕಾದ ದಿನ ಒಬ್ಬನೂ ಸಿಗಲಿಲ್ಲವಲ್ಲ! ಸಿಟ್ಟು ನೆತ್ತಿಗೇರಿತು. ಮಿಠಾಯಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಅನುಮಾನಕ್ಕೆ ಬುದ್ಧಿ ಕೆಟ್ಟು ಅಮ್ಮನಿಗೆ ಫೋನ್ ಮಾಡಿದೆ.

"ಅಗಿದಳಾ, ಚೀಪಿದಳಾ?" ಎಂದು ಕೇಳಿದಳು ಅಮ್ಮ.

"ನುಂಗಿದಳು."

"ಅಯ್ಯೋ ದೇವರೇ, ಇಡಿಯಾಗಿ ಹೊಟ್ಟೇಲಿದೆಯಾ! ಕೇಳೇ ಒರ್ನೆಲ್ಲಾ, ಮೊದಲಿಂದ ಲೆಕ್ಕ ಹಾಕು. ನನ್ನ ಮಾತು ಮೀರಿದ್ರೆ ನೋಡು."

ದಡ ಎಂದರೆ ಅಂಗೈಯಗಲ, ಮರಳೂ ಇಲ್ಲ, ಬರೀ ಬೆಣಚುಕಲ್ಲು. ಭಾನುವಾರವಾದ್ದರಿಂದ ಕಾಲಿಡಲು ಜಾಗವಿರಲಿಲ್ಲ. ಕ್ಲೆಲಿಯಾ ಸಮುದ್ರ ನೋಡಿದಳು. ಕೂಗಲಿಲ್ಲ, ಕುಣಿಯಲಿಲ್ಲ, ಎರಡೂ ಕೈಯಲ್ಲಿ ನನ್ನ ಸ್ಕರ್ಟು ಹಿಡಿದುಕೊಂಡು, "ಇಷ್ಟೊಂದಾ?" ಎಂದಳು. ಆ ಕ್ಷಣಕ್ಕೇ ಅವಳನ್ನು ಎತ್ತಿ ನೀರಿಗೆ ಇಳಿಸಬೇಕಿತ್ತು. ನಾನೋ, ಟವೆಲ್ ಹಾಸಿ "ಕೂತ್ಕೋ" ಎಂದೆ.

ಮಧ್ಯಾಹ್ನ ಹತ್ತಿರವಾದಂತೆ ಹೊಸ ಪೀಕಲಾಟ ಶುರುವಾಯಿತು. ಸುತ್ತಲೂ ಡಬ್ಬಿಗಳು ತೆರೆದವು, ಟೊಮೇಟೊ ವಾಸನೆ, ಕರಿದ ಮೀನಿನ ವಾಸನೆ. ಕ್ಲೆಲಿಯಾ ಹಸಿವೆಂದು ಮುಲುಗತೊಡಗಿದಳು. ಉಣ್ಣಿಸಿದರೆ ಮತ್ತೆ ಮೂರು ಗಂಟೆ ಹೋಯಿತು, ಉಣ್ಣಿಸದಿದ್ದರೆ ನಾನೇನು ತಾಯಿಯಾ ರಾಕ್ಷಸಿಯಾ?

"ಸ್ವಲ್ಪ ತಡ್ಕೋ ಬಂಗಾರ. ನೀರಿಗೆ ಹೋಗಿ ಬಂದು ತಿನ್ನೋಣ."

"ನಂಗೀಗ್ಲೇ ಬೇಕು!" ಎಂದು ಬಾಯಿ ದೊಡ್ಡದು ಮಾಡಿ ಅತ್ತಳು.

ಪಕ್ಕದ ಛತ್ರಿಯ ಕೆಳಗಿದ್ದ ದಪ್ಪ ಹೆಂಗಸು ತಿರುಗಿ ನೋಡಿದಳು. ಹೆಸರು ಅಮಾಬಿಲೆ ಎಂದು ಆಮೇಲೆ ತಿಳಿಯಿತು. ಅವಳ ತೊಡೆಯ ಮೇಲೆ ಸೊಪ್ಪು, ಮೊಟ್ಟೆ ತುಂಬಿದ ಕಡುಬಿನ ತಟ್ಟೆಯಿತ್ತು.

"ಏನಮ್ಮ, ಮಗೂನ ಉಪವಾಸ ಕೆಡವಿದ್ದೀಯಾ?"

"ನೀರಿಗೆ ಇಳಿಸ್ಬೇಕಲ್ಲಮ್ಮ, ಅದಕ್ಕೆ."

"ಯಾವೂರು?"

"ತೊರಿನೊ."

"ಅದಕ್ಕೇ! ನಿಮ್ಮೂರೋರ ಬಾಯಲ್ಲಿ ಬೆಣ್ಣೆ, ಮಗುವಿನ ಹೊಟ್ಟೇಲಿ ಗಾಳಿ." ಸುತ್ತಲಿನ ಹೆಂಗಸರು ನಕ್ಕರು. ಅಮಾಬಿಲೆ ದೊಡ್ಡ ತುಂಡು ಕತ್ತರಿಸಿ ಕ್ಲೆಲಿಯಾ ಕೈಗಿಟ್ಟಳು. ನಾನು ಬೇಡವೆನ್ನಲು ಬಾಯಿ ತೆರೆದೆ, ಬಂದದ್ದು "ಥ್ಯಾಂಕ್ಸ್, ನಿಮಗ್ಯಾಕೆ ತೊಂದ್ರೆ" ಎಂಬ ಮಾತು. ನಮ್ಮ ಊರಿನ ಈ ಸುಡುಗಾಡು ಮರ್ಯಾದೆ!

ಮುಂದೆ ಆ ಹೆಂಗಸರ ನ್ಯಾಯಪಂಚಾಯಿತಿ ಕೂತಿತು. ರೊಟ್ಟಿಗೆ ಎರಡು ಗಂಟೆ ಸಾಕು ಎಂದಳು ಒಬ್ಬಳು. ಮೊಟ್ಟೆ ಬಿದ್ದರೆ ಮೂರರ ಮೇಲೆ ಎಂದಳು ಇನ್ನೊಬ್ಬಳು. ಪಾದ ಮಾತ್ರ ಅದ್ದಬಹುದಲ್ಲ ಎಂದು ನಾನು ಕೇಳಿದ್ದೇ ತಪ್ಪಾಯಿತು.

"ಪಾದಾನಾ? ಪಾದದಿಂದ್ಲೇ ಹೊಟ್ಟೆಗೆ ಏರೋದು ಥಂಡಿ!" ಎಂದಳು ಅಮಾಬಿಲೆ. "ನಮ್ಮ ನಾದಿನಿ ಬೀದೀಲಿ ಒಬ್ಬ ಹುಡುಗ, ಒಂದೇ ಒಂದು ಹಣ್ಣು ತಿಂದು ಇಳಿದ. ಮೊಣಕಾಲಷ್ಟು ನೀರು ಕಣಮ್ಮ. ಹೊಟ್ಟೆ ಹಿಡ್ಕೊಂಡ್ತು, ಬಿದ್ದ, ಅಷ್ಟೇ. ಅವರಮ್ಮ ಇಲ್ಲೇ, ಇಷ್ಟು ದೂರದಲ್ಲಿ ಕೂತಿದ್ಲು."

ಕ್ಲೆಲಿಯಾ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನಾನು ಆಗ ಅದನ್ನು ಗಮನಿಸಲಿಲ್ಲ. ಗಡಿಯಾರದ ಮುಳ್ಳು ನೋಡುತ್ತಿದ್ದೆ.

ಮಧ್ಯಾಹ್ನವಿಡೀ ಕೂತೆವು. ಬಿಸಿಲು ತಲೆ ಒಡೆಯುವಂತಿತ್ತು, ಕಲ್ಲು ಕುಂಡೆಗೆ ಚುಚ್ಚುತ್ತಿತ್ತು. ಅವಳು ಬರಬರುತ್ತ ಮಾತು ಕಡಿಮೆ ಮಾಡಿದಳು. ದಣಿದಿದ್ದಾಳೆ ಎಂದುಕೊಂಡೆ. ಅಮಾಬಿಲೆ ಹೊರಡುವಾಗ ಉಳಿದ ಕಡುಬನ್ನು ಕಾಗದದಲ್ಲಿ ಸುತ್ತಿ "ರೈಲಿಗೆ ಇಟ್ಕೋ, ರಾತ್ರಿ ಅಡಿಗೆ ತಪ್ಪುತ್ತೆ" ಎಂದು ಕೊಟ್ಟಳು. ಒಳ್ಳೆಯ ಹೆಂಗಸೇ. ಅದೇ ಇನ್ನೂ ಸಿಟ್ಟು ಬರಿಸುತ್ತಿತ್ತು.

ಕೊನೆಗೂ ಕಾಯುವ ಗಂಟೆಗಳು ಮುಗಿದವು. ಬೇಗ ಮುಳುಗೆದ್ದು ಓಡಿದರೆ ರೈಲು ಸಿಗುತ್ತಿತ್ತು. ನಾನು ಎದ್ದು ಕೈ ಚಾಚಿದೆ. "ಬಾ ಕ್ಲೆಲಿಯಾ! ಈಗ ಹೋಗೋಣ!"

ಅವಳು ಏಳಲಿಲ್ಲ.

"ಏನಾಯ್ತೇ? ನೀರು ಬೇಕು ಅಂತಿದ್ದೆಯಲ್ಲ!"

"ಬೇಡ."

"ಬೇಡ ಅಂದ್ರೆ? ಬೆಳಗಿಂದ ನನ್ನ ಪ್ರಾಣ ತಿಂದೆಯಲ್ಲೇ!"

"ನನ್ ಹೊಟ್ಟೇಲಿ ಇನ್ನೂ ಚೂರು ಇದೆ," ಎಂದಳು. "ನಾನು ಬಿದ್ಬಿಡ್ತೀನಿ. ನೀನು ಇಲ್ಲೇ ಕೂತಿರ್ತೀಯ. ಮನೆಗೆ ಹೋಗೋಣ ಅಮ್ಮ."

ಟವೆಲನ್ನು ತಲೆಯ ಮೇಲೆ ಎಳೆದುಕೊಂಡು ಮುದುರಿ ಕೂತಳು. ಒಂದೇ ದಿನದಲ್ಲಿ ಅವಳನ್ನು ನನ್ನ ಹಾಗೆ ಮಾಡಿಬಿಟ್ಟಿದ್ದೆ. ನನ್ನ ಅಮ್ಮನಿಗಾದರೂ ವರ್ಷಗಳು ಬೇಕಾಗಿದ್ದವು.

ಆಮೇಲೆ ಬಂದ ಸಿಟ್ಟು ಯಾರ ಮೇಲೆ ಎಂದು ಕೇಳಬೇಡಿ. ಬ್ಯಾಗಿನಿಂದ ಕಡುಬು ತೆಗೆದೆ. "ನೋಡು ಇಲ್ಲಿ!" ಎಂದು ಅವಳ ಮುಖದ ಮೇಲಿನ ಟವೆಲ್ ಸರಿಸಿ, ಮೊಟ್ಟೆಯಿರುವ ಕಡೆಯೇ ಕಚ್ಚಿದೆ. ಎರಡನೇ ತುತ್ತು, ಮೂರನೇ ತುತ್ತು. ಬಾಯಿ ತುಂಬ ಕಡುಬಿಟ್ಟುಕೊಂಡು, ಸ್ಕರ್ಟು ರವಿಕೆ ಏನೂ ಬಿಚ್ಚದೆ, ಸಮುದ್ರಕ್ಕೆ ನಡೆದೆ.

"ಅಮ್ಮಾ! ಬೇಡಾ!" ಕಿರುಚುತ್ತ ಅವಳು ನೀರಿನ ಅಂಚಿನವರೆಗೆ ಓಡಿಬಂದಳು. ಉಳಿದಿದ್ದ ಜನ ಎದ್ದು ನಿಂತರು. "ಹುಚ್ಚು ಹಿಡಿದಿದೆಯಾ ಇವಳಿಗೆ!" ಎಂದು ಯಾರೋ ಕೂಗಿದರು. ನಾನು ಸೊಂಟದವರೆಗೆ ಹೋಗಿ ತಿರುಗಿ ನಿಂತು ನುಂಗಿದೆ.

"ಹೊಟ್ಟೆ ಹಿಡ್ಕೊಂಡ್ತಾ?" ಅಳುತ್ತ ಕೇಳಿದಳು.

"ಇಲ್ಲ!"

"ಈಗ?"

"ಇಲ್ವೇ!"

"ಈಗ?"

ಪ್ರತಿ ಸಲ ಕೇಳುವಾಗಲೂ ಒಂದು ಹೆಜ್ಜೆ ಇಡುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಪಾದ ಮುಳುಗಿತು, ಕಣಕಾಲು ಮುಳುಗಿತು. ನಾನು ಜಾರುವ ಕಲ್ಲುಗಳ ಮೇಲೆ ವಾಪಸ್ ನಡೆದು ಅವಳ ಹತ್ತಿರ ಬಂದೆ. ಕೈ ಹಿಡಿದುಕೊಂಡಳು. ಅಲೆಯೊಂದು ಬಂದು ಅವಳ ಮೊಣಕಾಲಿಗೆ ಬಡಿಯಿತು. ಉಸಿರು ಬಿಗಿಹಿಡಿದಳು. ಏನೂ ಆಗಲಿಲ್ಲ.

"ನಿನ್ ಕೈ ನಡುಗ್ತಿದೆ," ಎಂದಳು.

"ನೀರು ತಣ್ಣಗಿದೆಯಲ್ಲ."

"ಇಲ್ಲ ಅಮ್ಮ, ಬೆಚ್ಚಗಿದೆ."

ಬೆಚ್ಚಗೇ ಇತ್ತು. "ನಂಗೆ ಈಜು ಬರಲ್ಲ ಕಣೇ," ಎಂದೆ. "ಹೆದ್ರಿಕೆ ಆಗ್ತಿದೆ."

ಅವಳು ನನ್ನ ಮುಖ ನೋಡಿದಳು, ಸಮುದ್ರ ನೋಡಿದಳು. ಮೂಗು ಒರೆಸಿಕೊಂಡಳು. "ಹಾಗಾದ್ರೆ ನನ್ ಕೈ ಬಿಡ್ಬೇಡ," ಎಂದು ನನ್ನನ್ನು ಇನ್ನೊಂದು ಹೆಜ್ಜೆ ಒಳಗೆ ಎಳೆದಳು.