ಇಂಗ್ಲಿಷ್ ರಿವಾಯತ

ಅಲ್ಮಾಸಬಿ ರಾಟೆ ತಿರುಗಿಸುತ್ತಿದ್ದಳು. ಅವಳ ತಾಯಿ ಸುಗ್ರಾಬಿ ಎದುರಿಗೆ ಕೂತು, ಹರಿದ ಎಳೆಗಳನ್ನು ಹೊಸೆದು ಕೂಡಿಸುತ್ತಿದ್ದಳು. ಮನೆಯೊಳಗೆ ನೂಲು ತುಂಬಿದ ಕಂಡಿಕೆಗಳು ಬುಟ್ಟಿಗೆ ಬೀಳುವ ಸಪ್ಪಳವಷ್ಟೇ ಇತ್ತು. ಬೆಟಗೇರಿಯ ಆ ಓಣಿಯಲ್ಲಿ ಎಲ್ಲರ ಮನೆಯ ಮಗ್ಗಗಳೂ ಬಡಿಯುತ್ತಿದ್ದವು. ಇವರ ಮಗ್ಗದ ಕುಣಿಗೆ ಮಾತ್ರ ಹಲಗೆ ಮುಚ್ಚಿತ್ತು.

ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಸುಗ್ರಾಬಿಯ ಗಂಡ ನಜೀರಸಾಬ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಮೊಹರಂ ಬಂದರೆ ಕರ್ಬಲಾದ ದುಃಖದ ರಿವಾಯತ ಪದಗಳನ್ನು ಅವನಂತೆ ಎತ್ತಿ ಹಾಡುವವರಿರಲಿಲ್ಲ. ಅವನ ಹೆಣ ಎತ್ತಿದ ದಿನವೂ ಸುಗ್ರಾಬಿ ಅಳಲಿಲ್ಲ. ಆಮೇಲೆ ಊಟಕ್ಕೆ ಕೂತರೆ ಅರ್ಧ ರೊಟ್ಟಿ ಮುರಿದು, ಅದನ್ನೂ ಬಿಟ್ಟು ಏಳುತ್ತಿದ್ದಳು.

ಮಳೆಗಾಲ ಮುಗಿಯುವಾಗ ಮಗ ನಿಜಾಮುದ್ದೀನ ಮುಂಬಯಿಯ ಗ್ಯಾರೇಜಿನಿಂದ ರಜೆಗೆ ಬಂದ. ಟೇಪ್ ರೆಕಾರ್ಡರ್ ತಂದಿದ್ದ. ಅದರಲ್ಲಿದ್ದದ್ದು ಇಂಗ್ಲಿಷ್ ಕ್ಯಾಸೆಟ್ಟು. ಗುಂಡಿ ಒತ್ತಿದಾಗ ಮೊದಲು ಗಿಟಾರು ಒಂಟಿಯಾಗಿ ನುಡಿಯಿತು. ಆಮೇಲೆ ಒಬ್ಬ ಗಂಡಸು, ದೂರ ಹೋದವರನ್ನು ಕರೆಯುವಂತೆ ಹಾಡಿದ. ಡ್ರಮ್ಮು ಸೇರುವ ಹೊತ್ತಿಗೆ ಅವನ ದನಿ ಒಡೆಯಿತು. ಸುಗ್ರಾಬಿ ಎದ್ದು ಹೋಗಿ ಬಾಯೊಳಗಿನ ಎಲೆಅಡಿಕೆ ಉಗುಳಿ ಬಂದಳು. ತಲೆಯ ಮೇಲೆ ಸೆರಗೆಳೆದುಕೊಂಡು, ನೆಲದ ಮೇಲೆ ಕೂತು ಅತ್ತಳು.

"ರಿವಾಯತ ಹಾಡೂ ಇವರು ಯಾ ದೇಶದವರಪಾ? ಹಸನ್ ಹುಸೇನರ ಮ್ಯಾಲೆ ಎಷ್ಟ್ ಜೀವಾ ಇಟ್ಕೊಂಡಾರ!"

ನಿಜಾಮುದ್ದೀನ ಬಾಯಿ ತೆರೆದ. ಅಲ್ಮಾಸಬಿ ಅವನ ಕಾಲು ತುಳಿದಳು. ಅವತ್ತು ತಾಯಿ ಎರಡು ರೊಟ್ಟಿ ಉಂಡಳು.

ಮರುದಿನ ನಳದ ಹತ್ತಿರ ಅಲ್ಮಾಸಬಿ ಅಣ್ಣನನ್ನು ಕೇಳಿದಳು, "ಆ ಪದದಾಗ ಖರೆ ಏನೈತಿ?"

"ಒಬ್ಬಾಂವನ್ನ ಅವನ ಹುಡುಗಿ ಬಿಟ್ಟು ಹೋಗ್ಯಾಳ. ಅಕಿ ಕುಂಡ್ರೂ ಕುರ್ಚಿ ಖಾಲಿ ಐತಿ. ಅದನ್ನ ನೋಡಕೋತ ಕುಂತಾನ. ಇಷ್ಟ."

ಅವಳು ತುಂಬಿದ ಕೊಡವನ್ನು ಎತ್ತದೆ ನಿಂತಳು. "ಅಮ್ಮಗ ಹೇಳಬ್ಯಾಡ. ಮತ್ತ ಊಟಾ ಬಿಡ್ತಾಳ."

ಅಲ್ಲಿಂದ ಸಂಜೆಯಾದರೆ ಅದೇ ಹಾಡು. ನೆರೆಮನೆಯ ಗದಿಗೆವ್ವನೂ ಚಪ್ಪಲಿ ಹೊರಗೆ ಬಿಟ್ಟು ಬಂದು, ಟೇಪಿಗೆ ಕೈಮುಗಿದು ಕೂಡತೊಡಗಿದಳು. ಸುಗ್ರಾಬಿ ಅಳುತ್ತಿದ್ದಳು, ಉಣ್ಣುತ್ತಿದ್ದಳು, ನಡುವೆ ಒಮ್ಮೊಮ್ಮೆ ನಗುತ್ತಲೂ ಇದ್ದಳು. ರಾಟೆಯ ಹಿಂದಿನಿಂದ ಅಲ್ಮಾಸಬಿ ಇದನ್ನೆಲ್ಲ ನೋಡುತ್ತಿದ್ದಳು.

ಒಂದು ಸಂಜೆ ಗದಿಗೆವ್ವ ಹುರುಪಿನಿಂದ ಬಂದಳು. "ಸುಗ್ರಾ, ನಮ್ಮ ಮೈಕಿನ ನೀಲಪ್ಪಗ ಹೇಳೀನಿ. ಈ ಸಲ ಮೊಹರಂದಾಗ ಮಸೂತಿ ಮುಂದ ಮೈಕಿಗೆ ಇದನ್ನಽ ಹಚ್ಚೂದಂತ."

"ಏ ಬ್ಯಾಡಬೇ!" ನಿಜಾಮುದ್ದೀನ ಹೌಹಾರಿದ. "ಮಂದಿ ಹೊಡದಾರು ನನ್ನ. ಇದು ರಿವಾಯತ ಅಲ್ಲ!"

ಇನ್ನು ಮುಚ್ಚಿಡುವಂತಿರಲಿಲ್ಲ. ಎಲ್ಲವನ್ನೂ ಹೇಳಿದ. ಅಲ್ಮಾಸಬಿಯ ರಾಟೆ ನಿಂತಿತು.

"ಅಯ್ಯ ನಿನ್ನ!" ಗದಿಗೆವ್ವ ಹಣೆ ಬಡಿದುಕೊಂಡಳು. "ದಿನಾ ಕೈ ಮುಗದೀನಲ್ಲೋ ಆ ಭಾಡ್ಯಾಗ!"

ಸುಗ್ರಾಬಿ ಟೇಪಿನ ಹತ್ತಿರ ಸರಿದು ಕೂತಳು.

"ಅಕಿ ಸತ್ತಾಳೇನು?"

"ಇಲ್ಲಮ್ಮಾ. ಮತ್ತೊಬ್ಬನ ಕೂಡ ಹೋಗ್ಯಾಳ."

"ಕುರ್ಚಿ?"

"ಹಂಗಽ ಐತಿ."

"ಅವಗ ತಾಯಿ ಇಲ್ಲೇನು?"

"ಪದದಾಗಂತೂ ಇಲ್ಲ."

"ಮತ್ತ ಉಣ್ಣಾಕ ಯಾರು ನೀಡ್ತಾರ?"

"ಹೋಟೆಲದಾಗ ತಿಂತಾನ ಬಿಡ" ಎಂದ ನಿಜಾಮುದ್ದೀನ. ಗದಿಗೆವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಹಚ್ಚು" ಎಂದಳು ಸುಗ್ರಾಬಿ.

ಗಿಟಾರು ಶುರುವಾಯಿತು. ಅಲ್ಮಾಸಬಿ ತಾಯಿಯ ಕೈಯನ್ನೇ ನೋಡುತ್ತಿದ್ದಳು. ಸೆರಗು ಹೆಗಲ ಮೇಲೆಯೇ ಉಳಿಯಿತು. ಕೈ ಮಗ್ಗದ ಕುಣಿಯ ಹಲಗೆಯ ಕಡೆಗೆ ಹೋಗಿ, ಅದರ ಮೇಲಿನ ನೂಲಿನ ಧೂಳು ಒರೆಸಿತು. ಆ ಗಂಡಸಿನ ದನಿ ಒಡೆಯುವ ಜಾಗ ಬಂದಾಗ ಸುಗ್ರಾಬಿಯ ಕಣ್ಣುಗಳೂ ತುಂಬಿ ಹರಿದವು. ಈ ಸಲ ಯಾರನ್ನೂ ಕೊಂಡಾಡಲಿಲ್ಲ. ಗದಿಗೆವ್ವನ ನಗೆ ನಿಂತಿತ್ತು.

ಹಾಡು ಮುಗಿದ ಮೇಲೆ ಸುಗ್ರಾಬಿ ಮೂಗು ಒರೆಸಿಕೊಂಡು, ತಾನೇ ಎದ್ದು, ರೊಟ್ಟಿಯ ಬುಟ್ಟಿಯನ್ನು ನಡುವೆ ತಂದಿಟ್ಟಳು. ಗದಿಗೆವ್ವನಿಗೂ ಒಂದು ರೊಟ್ಟಿ ಕೊಟ್ಟಳು. ತಾನೊಂದು ತುತ್ತು ಮುರಿದು, ಪಲ್ಯಕ್ಕೆ ಅದ್ದಿ, ಬಾಯಿಗೆ ಇಟ್ಟುಕೊಳ್ಳುವ ಮೊದಲು ಮೂವರ ಮುಖವನ್ನೂ ನೋಡಿದಳು.

"ಯಾರರೆ ಆ ಪದಾ ಹಾಡಾಂವಗೊಂದು ಹೆಣ್ಣು ನೋಡ್ರೆಪಾ."