ಕೊತ್ತಿಯನ್ನು ಬಿಟ್ಟ ಲೆಕ್ಕ

ನನ್ನ ಗಂಡನಿಗೆ ಒಂದು ಗ್ಯಾರೇಜಿದೆ, ಮೂಗಿನ ತುದಿಯಲ್ಲಿ ಸಿಟ್ಟಿದೆ. ಅವನ ತಂಗಿಗೆ, ಅಂದರೆ ನನ್ನ ನಾದಿನಿಗೆ, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವ ಹುಚ್ಚು. ನಿನ್ನ ಗಣಿತ ಸಾಲದು ಎಂದು ವಿಶ್ವವಿದ್ಯಾಲಯದವರು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದರು. ಮೊದಲು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಕೊ, ಆಮೇಲೆ ಅವರೇ ಕರೆಯುತ್ತಾರೆ ಎಂದು ಅವಳ ಮೇಷ್ಟ್ರು ದಾರಿ ತೋರಿಸಿದರು. ಸುತ್ತಿ ಬಳಸಿ ಮೂಗು ಹಿಡಿಯೋದು ಅಂದರೆ ಇದೇ ಎಂದು ನಾನು ರೇಗಿಸುತ್ತಿದ್ದೆ. ಆದರೂ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಮ್ಯಾಟ್ರಿಕ್ಸ್ ಬಿಡಿಸುವಾಗ ಸದ್ದಾಗದಂತೆ ಪಾತ್ರೆ ತೊಳೆಯುತ್ತಿದ್ದವಳೂ ನಾನೇ.

ಎಂ.ಎಸ್ಸಿ.ಯ ಪ್ರವೇಶ ಪರೀಕ್ಷೆ ಮರುದಿನ ಬೆಳಿಗ್ಗೆ, ಬೇರೆ ಊರಿನಲ್ಲಿ. ಅಣ್ಣನಿಗೆ ಇನ್ನೂ ಹೇಳಿರಲಿಲ್ಲ. ಅವನು ಹೂಂ ಅನ್ನದೆ ನಮ್ಮ ಮನೆಯ ಹೊಸ್ತಿಲು ದಾಟಿದವರಿಲ್ಲ.

ಅದಕ್ಕೂ ಅವಳಲ್ಲಿ ಲೆಕ್ಕವಿತ್ತು. ಗ್ಯಾರೇಜು ಖಾಲಿ ಹೊಡೆದ ದಿನ ಅಣ್ಣ ಮನೆಗೆ ಬಂದು ಬಡಿಯುತ್ತಾನೆ, ಗಾಡಿ ತುಂಬಿದ ದಿನ ಕೈ ಎತ್ತುವುದಿಲ್ಲ. ತಿಂಗಳುಗಟ್ಟಲೆ ಗಮನಿಸಿ, ಇದು ಗಟ್ಟಿ ಎಂದು ತೀರ್ಮಾನಿಸಿದ್ದಳು. ಅವತ್ತು ಗಾಡಿಗಳು ರಸ್ತೆಯವರೆಗೂ ಸಾಲುಗಟ್ಟಿದ್ದವು.

"ಇವತ್ತೇ ಹೇಳಿಬಿಡಿ ಅತ್ತಿಗೆ. ಇವತ್ತು ಏನೂ ಮಾಡಲ್ಲ."

ಸಂಜೆ ಅವನು ಬಂದ ಕೂಡಲೆ ಹೇಳಿದೆ. ಮಾತು ಮುಗಿಯುವ ಮೊದಲೇ ಕೈಯಲ್ಲಿದ್ದ ಸ್ಪ್ಯಾನರ್ ನನ್ನ ದವಡೆಗೆ ಬಿತ್ತು. ಬಾಯಿ ತುಂಬ ರಕ್ತ. ಕೆಳಗೆ ಬಿದ್ದವಳ ಪಕ್ಕೆಗೆ ಒದ್ದ, ಒಳಗೇನೋ ಲಟಕ್ಕೆಂದಿತು. ಬಿಡಿಸಲು ಬಂದ ತಂಗಿಯ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿದ.

"ಆ ವೆಲ್ಡರ್ ಬೆಳಿಗ್ಗೇನೇ ಕೆಲಸ ಬಿಟ್ಟು ಹೋದ. ಗಾಡಿ ತುಂಬಿದಾಗೆಲ್ಲ ಹೊಡೀತೀನಂತೆ, ಹಲ್ಲು ಹೋಯ್ತಂತೆ. ಈಗ ನೀನೂ ಹೊರಟ್ಯಾ?"

ಹಣೆಯಿಂದ ರಕ್ತ ಇಳಿಯುತ್ತಿದ್ದರೂ ನಾದಿನಿ ನನ್ನತ್ತ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕೆಲಸ ಹೆಚ್ಚಿದ ದಿನವೆಲ್ಲ ಒದೆ ತಿಂದವನು ವೆಲ್ಡರ್. ಮನೆಗೆ ಬರುವಷ್ಟರಲ್ಲಿ ಇವನ ಕೈ ದಣಿದಿರುತ್ತಿತ್ತು, ಅದನ್ನೇ ನಾವು ಶಾಂತಿ ಅಂದುಕೊಂಡಿದ್ದೆವು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರೆ. ಇವಳು ಕೊತ್ತಿಯನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಅವಳ ಬಲಗೈಯನ್ನು ಬಾಗಿಲ ಸಂದಿಗೆ ತುರುಕಿ, ಬಾಗಿಲನ್ನು ಎಳೆಯತೊಡಗಿದ.

"ಬರಿ, ಅದ್ಹೇಗೆ ಬರೀತೀಯೋ ನೋಡ್ತೀನಿ."

ಅವನೇ ತಂದಿಟ್ಟಿದ್ದ ಜಾಕ್ ರಾಡು ಮೂಲೆಯಲ್ಲಿತ್ತು. ಅದನ್ನೆತ್ತಿ ಅವನ ಮಂಡಿಗೆ ಬೀಸಿದೆ. ಮೂಳೆ ಮುರಿದದ್ದು ನನ್ನ ಅಂಗೈಗೇ ತಿಳಿಯಿತು. ಅವನು ಕುಸಿದು ಅರಚಿದ. ಇನ್ನೊಂದು ಏಟು ಬೇಕಿರಲಿಲ್ಲ, ಆದರೂ ಕೊಟ್ಟೆ. ಸುಳ್ಳೇಕೆ ಹೇಳಲಿ, ಹಿತವಾಯಿತು.

ಪಕ್ಕದ ಮನೆಯವರು ಅವನನ್ನು ಆಸ್ಪತ್ರೆಗೆ ಹೊತ್ತೊಯ್ದರು. ನಾನು ನಾದಿನಿಯ ಹಣೆಗೆ ಬಟ್ಟೆ ಕಟ್ಟಿ ಬಸ್ ನಿಲ್ದಾಣಕ್ಕೆ ಕರೆತಂದೆ. ಅವಳ ಬೆರಳುಗಳು ಊದಿದ್ದವು, ಆದರೂ ಮಡಚಲು ಬರುತ್ತಿತ್ತು. ಲೆಕ್ಕ ತಪ್ಪಿದ್ದಕ್ಕೆ ದಾರಿಯುದ್ದಕ್ಕೂ ಅತ್ತಳು. ನಾಳೆ ತಪ್ಪದಿದ್ದರೆ ಸಾಕು ಎಂದೆ. ದವಡೆ ಊದಿಕೊಂಡಿತ್ತು, ಅವಳಿಗೆ ಎಷ್ಟು ಅರ್ಥವಾಯಿತೋ ತಿಳಿಯದು.

ಬಸ್ಸಿನ ಮೆಟ್ಟಿಲು ಹತ್ತಿದವಳು ತಿರುಗಿ ನಿಂತಳು.

"ಅಣ್ಣನ ಕಾಲು ಸರಿ ಹೋಗುತ್ತೆ ಅತ್ತಿಗೆ. ವೆಲ್ಡರ್ ಇಲ್ಲ, ನಾನೂ ಇರಲ್ಲ. ಆಮೇಲೆ ಯಾರು?"

ಈ ಲೆಕ್ಕಕ್ಕೆ ಎಂ.ಎಸ್ಸಿ. ಬೇಕಿರಲಿಲ್ಲ. ಪಕ್ಕೆ ಹಿಡಿದುಕೊಂಡು ನಾನೂ ಬಸ್ಸು ಹತ್ತಿದೆ.