ಜೀಪು ಎತ್ತರಿಸಿದ ಮಧ್ಯಾಹ್ನ

ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗೆ ಮಾತ್ರ ಸೊಸೆಯಾಗಿ ಹೋಗಬೇಡಿ. ಹೋದರೆ ನಿಮ್ಮ ಬಾಯಿ ನಿಮ್ಮದಾಗಿ ಉಳಿಯುವುದಿಲ್ಲ. ನನ್ನ ಗಂಡನಿಗೂ ಅವರ ಅಣ್ಣನಿಗೂ, ಅಂದರೆ ನಮ್ಮ ಭಾವನಿಗೂ, ಮಾತು ನಿಂತದ್ದು ಮಾವ ಬಿಟ್ಟುಹೋದ ಹಳೇ ಜೀಪಿನ ವಿಷಯಕ್ಕೆ. ಗುಜರಿಗೆ ಹಾಕೋಣ ಎಂದವರು ಭಾವ. ನಾನು ಸತ್ತ ಮೇಲೆ ಹಾಕು ಎಂದವರು ನಮ್ಮವರು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ. ಎದುರುಬದುರು ಕೂತೇ "ಫ್ಯಾನ್ ಆರ್ಸು ಅಂತ ಅವನಿಗೆ ಹೇಳಮ್ಮ" ಎನ್ನುತ್ತಾರೆ ಭಾವ. "ಸೆಕೆ ಆಗ್ತಿದೆ ಅಂತ ಹೇಳೇ" ಎನ್ನುತ್ತಾರೆ ಇವರು. ಹೇಳಿ ಹೇಳಿ ಅದು ಮನೆಯ ಕಾನೂನೇ ಆಗಿಹೋಯಿತು. ನನ್ನ ಬಾಯಿಂದ ಬರದ ಮಾತು ಆ ಇಬ್ಬರಿಗೂ ಮಾತೇ ಅಲ್ಲ.

ಅತ್ತೆಯನ್ನು ವಾರವಾರವೂ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ದಾರಿಯೋ ಬರೀ ಕಲ್ಲು, ಗುಂಡಿ. ಕಳೆದ ಸಲ ಜೀಪಿನ ಹೊಟ್ಟೆ ಬಂಡೆಗೆ ಕೂತು, ಅತ್ತೆ ಒಳಗೇ ಬೆವೆತು ಬಿಳಿಚಿಕೊಂಡಿದ್ದರು. ಜೀಪನ್ನು ಎರಡು ಇಂಚಾದರೂ ಎತ್ತರಿಸಲೇಬೇಕಿತ್ತು. ಗ್ಯಾರೇಜಿನವನು ಹೇಳಿದ ರೇಟಿಗೆ ಇನ್ನೊಂದು ಜೀಪೇ ಬರುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ! ಭಾವ ಲೇತ್ ಕೆಲಸದವರು. ಹಳೇ ದಪ್ಪ ಪೈಪು ಕತ್ತರಿಸಿ, ಸ್ಪ್ರಿಂಗಿನ ತಲೆಯ ಮೇಲೆ ಕೂರುವಂಥ ಕಬ್ಬಿಣದ ಬಳೆಗಳನ್ನು ಮಾಡಿ ತಂದರು. ತಂದು ನನ್ನ ಕೈಗೆ ಕೊಟ್ಟರು, ತಮ್ಮನ ಕೈಗಲ್ಲ.

ಅಂಗಳದಲ್ಲಿ ಕೆಲಸ ಶುರುವಾಯಿತು. ಜೀಪಿನ ಮೈಗೆ ಮರದ ದಿಮ್ಮಿಗಳ ಆಸರೆ, ಚಕ್ರಗಳನ್ನು ಹೊರುವ ಆಕ್ಸಲ್ಲಿನ ಅಡಿಗೆ ಜಾಕ್. ಹಿಂದಿನ ಒಂದು ಚಕ್ರವನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು.

"ಅದನ್ನ ಜೀಪಿನ ಅಡಿ ಮಲಗಿಸ್ರೀ. ದಿಮ್ಮಿ ಜಾರಿದ್ರೆ?" ಎಂದೆ ಇವರಿಗೆ.

"ಬಾಯಿ ಬಿಟ್ರೆ ಅಪಶಕುನ ನಿಂದು" ಎಂದು ಗೊಣಗುತ್ತಲೇ ಇವರು ಮಲಗಿಸಿದರು. ಆಮೇಲೆ ಅಂಗಾತವಾಗಿ ಒಳಗೆ ತೂರಿಕೊಂಡರು. ಹೊರಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ.

ಸ್ಪ್ರಿಂಗಿನ ಮೇಲೆ ಬಳೆ ಇಟ್ಟು, ಅದು ಜಾಗಕ್ಕೆ ಕೂರುವ ತನಕ ಇವರು ಕೈಯಲ್ಲೇ ಹಿಡಿದಿರಬೇಕು. ಭಾವ ಹೊರಗಿನಿಂದ ಜಾಕ್ ಒತ್ತುತ್ತಾ ಆಕ್ಸಲ್ಲನ್ನು ಎತ್ತಬೇಕು. ಹೆಚ್ಚು ಎತ್ತಿದರೆ ಜೀಪೇ ದಿಮ್ಮಿ ಬಿಟ್ಟು ಮೇಲೇಳುತ್ತದೆ. ಒಳಗಿನವರಿಗೆ ಜಾಕ್ ಕಾಣದು, ಹೊರಗಿನವರಿಗೆ ಬೆರಳು ಕಾಣದು. ನಡುವೆ ಕುಕ್ಕರಗಾಲಲ್ಲಿ ನಾನು.

"ಇನ್ನೊಂದು ಒತ್ತು ಅಂತ ಹೇಳೇ."

"ಭಾವ, ಇನ್ನೊಂದು ಒತ್ತಬೇಕಂತೆ."

"ಕೈ ಹುಷಾರು ಅಂತ ಹೇಳಮ್ಮ."

"ರೀ, ಕೈ ಹುಷಾರಂತೆ."

"ಅವನ ಉಪದೇಶ ಬೇಡ ಅಂತ ಹೇಳು."

ಅದೊಂದನ್ನು ನುಂಗಿಕೊಂಡೆ. ಇಂಥ ಎಷ್ಟು ನುಂಗಿದ್ದೇನೋ ನನ್ನ ಹೊಟ್ಟೆಗೇ ಗೊತ್ತು. ಆದರೆ ಆವತ್ತು ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ದಿಮ್ಮಿ ಕಿರ್ರೆಂದಾಗಲೆಲ್ಲ ಇವರ ಕಾಲುಗಳ ಕಡೆ ನೋಡುತ್ತಿದ್ದೆ. ಇಷ್ಟು ದೊಡ್ಡ ಕಬ್ಬಿಣದ ರಾಶಿ, ಅದರಡಿ ನನ್ನ ಗಂಡನ ಎದೆ. ಬೇಡ, ನಿಲ್ಲಿಸಿ ಎಂದು ಹೇಳಬೇಕೆನ್ನಿಸಿತು. ಅತ್ತೆಯ ಬಿಳಿಚಿದ ಮುಖ ನೆನಪಾಗಿ ಸುಮ್ಮನಾದೆ.

"ಸಾಕು! ನಿಲ್ಸು!" ಒಳಗಿನಿಂದ ಇವರ ಕೂಗು.

ಅದೇ ಹೊತ್ತಿಗೆ ತುಕ್ಕಿನ ಪುಡಿ ನನ್ನ ಗಂಟಲಿಗೆ ಹೋಗಿ ಕೆಮ್ಮು ಒತ್ತರಿಸಿ ಬಂತು. ಭಾವ ಕೈ ತಡೆಯಲಿಲ್ಲ. ನನ್ನ ಬಾಯನ್ನೇ ನೋಡಿದರು. ನೋಡುತ್ತಾ ನೋಡುತ್ತಾ ಜಾಕನ್ನು ಇನ್ನೊಮ್ಮೆ ಒತ್ತಿಯೇಬಿಟ್ಟರು.

ಜೀಪು ಮೇಲೆದ್ದಿತು. ಮೇಲಿನ ದಿಮ್ಮಿ ಉರುಳಿ ಬಿತ್ತು. ಇಡೀ ಗಾಡಿ ನಮ್ಮ ಕಡೆ ವಾಲಿ, ಅಡಿಯಲ್ಲಿ ಮಲಗಿಸಿದ್ದ ಚಕ್ರದ ಮೇಲೆ ಧಡ್ ಎಂದು ಕೂತಿತು. ಇವರ ಕಾಲುಗಳು ಒಮ್ಮೆ ಒದ್ದಾಡಿ ಸುಮ್ಮನಾದವು.

ಹೋದರು ಅಂದುಕೊಂಡೆ. ದೇವರೇ, ನನ್ನ ಗಂಡ ಹೋದರು.

"ಕೂಗಮ್ಮ ಅವನ್ನ!" ಎಂದರು ಭಾವ. ಬಾಯಿ ತೆರೆದೆ. ದನಿಯೇ ಹೊರಡಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ನರಳಿಕೆ ಬಂತು. "ಬೆರಳು... ಸ್ಪ್ರಿಂಗಿನ ಮೇಲೆ ಬೆರಳು ಸಿಕ್ಕಿಕೊಂಡಿದೆ. ಅವನಿಗೆ ಹೇಳೇ... ಹೇಳೇ ಬೇಗ!"

ಭಾವನ ಕೈ ಜಾಕಿನ ತಿರುಪಿನ ಮೇಲಿತ್ತು. ಅದನ್ನು ಸಡಿಲಿಸಿದರೆ ಆಕ್ಸಲ್ ಇಳಿದು ಬೆರಳು ಬಿಟ್ಟುಕೊಳ್ಳುತ್ತದೆ. ತುಸು ಜೋರಾಗಿ ಇಳಿದರೂ ಜೀಪು ಆ ಚಕ್ರದಿಂದಲೂ ಜಾರಿ ಎದೆಯ ಮೇಲೆ ಬೀಳುತ್ತದೆ. ಎಷ್ಟು ಇಳಿಸಬೇಕೆಂದು ಒಳಗಿನವರೇ ಹೇಳಬೇಕು. ಭಾವ ನನ್ನತ್ತ ನೋಡಿದರು. ನಾನು ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದೆ.

ಅವರು ಮಣ್ಣಿಗೆ ಕೆನ್ನೆಯಿಟ್ಟು ಮಲಗಿದರು.

"ಪುಟ್ಟಾ" ಎಂದರು. "ನಾನು ಕಣೋ. ನಂಗೇ ಹೇಳು."

ಉತ್ತರ ಬರಲಿಲ್ಲ. ಆ ಮೌನದಲ್ಲಿ ನನಗೆ ಜೀಪಿಗಿಂತ ನನ್ನ ಗಂಡನ ಹಟದ ಭಯವೇ ಹೆಚ್ಚಾಯಿತು. ಈ ಜನಕ್ಕೆ ಜೀವ ಹೋದರೂ ಬಿಗುಮಾನ ಹೋಗದು. ಮಾತಾಡ್ರೀ, ನಿಮ್ಮ ದಮ್ಮಯ್ಯ ಮಾತಾಡ್ರೀ ಎಂದು ಒಳಗೊಳಗೇ ಬೇಡಿಕೊಂಡೆ.

"ಇಳ್ಸು" ಎಂದಿತು ದನಿ ಕೊನೆಗೆ. "ಅಣ್ಣಾ, ಎತ್ತಬೇಡ. ಇಳ್ಸು."

"ಇಷ್ಟು ಸಾಕಾ?"

"ಇನ್ನೂ. ನಿಧಾನ... ನಿಧಾನ ಅಂದ್ನಲ್ಲೋ, ಕತ್ತೆ!"

"ಬೈಯೋ, ಎಷ್ಟಾದ್ರೂ ಬೈಯಿ. ಮಾತು ಮಾತ್ರ ನಿಲ್ಲಿಸ್ಬೇಡ."

ಚಕ್ರದ ರಬ್ಬರು ಕೀಚೆಂದಿತು. ನಾನು ಕಣ್ಣು ಮುಚ್ಚಿಕೊಂಡೆ.

"ಬಂತು! ಕೈ ಬಂತು!"

ಭಾವ ತಿರುಪು ಬಿಗಿದು, ತಮ್ಮನ ಎರಡೂ ಕಾಲಿನ ಹರಡು ಹಿಡಿದು ದರದರನೆ ಹೊರಗೆಳೆದರು. ಬೆನ್ನೆಲ್ಲ ತರಚಿಹೋಗಿತ್ತು. ಎರಡು ಬೆರಳು ಜಜ್ಜಿ ಕಪ್ಪಾಗಿ ರಕ್ತ ತೊಟ್ಟಿಕ್ಕುತ್ತಿತ್ತು. ಆದರೆ ಜೀವವಿತ್ತು. ನಾನು ಸೆರಗು ಹರಿದು ಸುತ್ತಿದೆ.

ಇವರು ನೋವಿಗೆ ಹಲ್ಲು ಕಚ್ಚಿಕೊಂಡು ನೇರ ಅಣ್ಣನ ಮುಖ ನೋಡಿದರು. "ಸಾಕು ಅಂದೆನಲ್ಲ. ಅಷ್ಟು ಕಿರುಚಿದ್ದು ಕೇಳಿಸ್ಲಿಲ್ವಾ ನಿಂಗೆ?"

ಭಾವ ಇನ್ನೂ ತಮ್ಮನ ಕಾಲು ಬಿಟ್ಟಿರಲಿಲ್ಲ. ತಲೆ ಎತ್ತಲೂ ಇಲ್ಲ.

"ಕೇಳಿಸ್ತು" ಎಂದರು.